ಇಪ್ಪತ್ತೊಂದನೆಯ ದಾರ

ಇಪ್ಪತ್ತೆರಡು ವರ್ಷ ಲಂಗಗಳಿಗೆ ನೆರಿಗೆ ಹಿಡಿದವಳು ತನ್ನ ಕೈಯ ಒಂದು ಲಂಗವೂ ನಡೆಯುವುದನ್ನು ನೋಡಿರಲಿಲ್ಲ. ಹೊಲಿಗೆಮನೆಯಲ್ಲಿ ಎಲ್ಲರೂ ಅವಳನ್ನು ನೆರಿಗೆಯಕ್ಕ ಎಂದೇ ಕರೆಯುತ್ತಿದ್ದರು. ಅವಳ ಕೈಯಿಂದ ಹೋದ ಬಟ್ಟೆ ಮೊದಲು ಮರದ ಕಂಬದ ಮೇಲೆ ನಿಂತ, ತಲೆಯಿಲ್ಲದ ಬೊಂಬೆಯ ಮೈಗೇರುತ್ತಿತ್ತು. ಅಲ್ಲಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ವಿಮಾನಕ್ಕೆ. ಆಮೇಲೆ ಯಾವುದಾದರೂ ಪತ್ರಿಕೆಯಲ್ಲಿ ಫೋಟೋ ಬರುತ್ತಿತ್ತು. ಫೋಟೋದಲ್ಲಿ ಹುಡುಗಿಯ ಒಂದು ಕಾಲು ಮುಂದಿರುತ್ತಿತ್ತು, ನೆರಿಗೆ ಅರ್ಧ ತೆರೆದಿರುತ್ತಿತ್ತು. ಅದಕ್ಕೆ ಒಂದು ಗಳಿಗೆ ಮುಂಚೆ ಏನಾಗಿತ್ತು, ಒಂದು ಗಳಿಗೆ ಆದಮೇಲೆ ಏನಾಯಿತು ಎಂಬುದನ್ನು ಫೋಟೋ ಹೇಳುತ್ತಿರಲಿಲ್ಲ.

"ನಡೆದಾಗ ಹೇಗಿರುತ್ತೆ ಮಾಸ್ಟ್ರೇ?" ಎಂದು ಅವಳು ಕಟಿಂಗ್ ಮಾಸ್ಟರನ್ನು ಕೇಳುತ್ತಿದ್ದಳು.

ಮಾಸ್ಟರು ಕತ್ತರಿಯಿಂದ ಕಣ್ಣೆತ್ತದೆ, "ನೀನು ನಡೆಯಲ್ವೇನಮ್ಮ? ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ. ಹಾಗೇ," ಎನ್ನುತ್ತಿದ್ದರು.

ಇಸ್ತ್ರಿ ಮೇಜಿನ ಹಿಂದೆ ನಿಂತ ಅವಳ ನಾದಿನಿ ಸುಮ್ಮನಿರುವವಳಲ್ಲ. ಅವಳನ್ನು ಕೆಲಸಕ್ಕೆ ಸೇರಿಸಿದವಳು ನೆರಿಗೆಯಕ್ಕನೇ. "ನಮ್ಮತ್ತಿಗೆ ನಡೆದ್ರೆ ಲಂಗ ಎಲ್ಲಿ ಕಾಣುತ್ತೆ ಮಾಸ್ಟ್ರೇ? ಬಸ್ಸು ಹಿಡಿಯೋ ಅವಸರ ಕಾಣುತ್ತೆ ಅಷ್ಟೆ."

ಹೊಲಿದ ಬಟ್ಟೆಯನ್ನು ಅಲ್ಲಿ ಯಾರೂ ಮೈಗೆ ಹಾಕಿಕೊಳ್ಳುವಂತಿರಲಿಲ್ಲ. ಅದು ಹೊಲಿಗೆಮನೆಯ ಒಡತಿ ಮೇಡಂ ಮಾಡಿದ ನಿಯಮ. ಒಮ್ಮೆ ನೆರಿಗೆಯಕ್ಕ ಉಳಿದ ತುಂಡೊಂದಕ್ಕೆ ನೆರಿಗೆ ಹಿಡಿದು, ಮನೆಗೆ ಒಯ್ದು, ಸೊಂಟಕ್ಕೆ ಕಟ್ಟಿಕೊಂಡು ಬೀರುವಿನ ಕನ್ನಡಿಯ ಮುಂದೆ ನಡೆದು ನೋಡಿದ್ದಳು. ಆದರೆ ಕನ್ನಡಿ ನೋಡುತ್ತ ನಡೆಯುವವರ ನಡಿಗೆ ನಡಿಗೆಯೇ ಅಲ್ಲ. ಮೂರು ಹೆಜ್ಜೆಗೇ ಮಂಚ ಅಡ್ಡ ಬಂತು. ಮಂಚದ ಮೇಲೆ ಕೂತಿದ್ದ ಗಂಡ, "ಏನೇ ಇದು?" ಎಂದ. ಅವಳು ತುಂಡನ್ನು ಬಿಚ್ಚಿ ಮಡಿಸಿಟ್ಟಳು.

ಆ ವರ್ಷ ಹೊರದೇಶದ ಫ್ಯಾಷನ್ ವಾರಕ್ಕೆ ಮೇಡಂ ಮಾಡಿಸಿದ ಉಡುಪುಗಳಲ್ಲಿ ನೆರಿಗೆಯವು ಏಳು. ಏಳನೆಯದು ಪ್ರದರ್ಶನದ ಕೊನೆಯದು. ಹಾಲಿನ ಕೆನೆಯ ಬಣ್ಣದ ರೇಷ್ಮೆ ಲಂಗ, ಅರವತ್ತನಾಲ್ಕು ನೆರಿಗೆ, ಎಲ್ಲವೂ ಒಂದೇ ದಿಕ್ಕಿಗೆ ಮಡಿಸಿದವು. ಪ್ರಯಾಣದಲ್ಲಿ ನೆರಿಗೆ ಕೆದರದಂತೆ ಅವುಗಳ ಬಾಯಿ ಮುಚ್ಚಿ ಕಚ್ಚಾ ಹೊಲಿಗೆ ಹಾಕುವುದು ರೂಢಿ. ಸೊಂಟದ ಕೆಳಗೊಂದು ಸುತ್ತು, ಮೊಣಕಾಲಿನ ಹತ್ತಿರ ಒಂದು, ಅಂಚಿನಲ್ಲಿ ಒಂದು. ತಲುಪಿದ ಮೇಲೆ ಆ ದಾರಗಳನ್ನು ಎಳೆದು ತೆಗೆಯಬೇಕು. ಅವಸರಪಟ್ಟರೆ ರೇಷ್ಮೆ ಸೆಳೆದುಕೊಳ್ಳುತ್ತದೆ.

"ಬಿಚ್ಚೋಕೆ ನೀವೇ ಬರಬೇಕು ಅಕ್ಕ," ಎಂದರು ಮೇಡಂ. "ಹೋದ ವರ್ಷ ಅಲ್ಲಿನವರ ಕೈಗೆ ಕೊಟ್ಟು ಏನಾಯ್ತು ಅಂತ ನಿಮಗೆ ಗೊತ್ತಲ್ಲ."

"ಬಿಚ್ಚಿದ ಮೇಲೆ ನೋಡಬಹುದಾ ಮೇಡಂ? ನಡೆಯೋದನ್ನ?"

ಮೇಡಂ ಅವಳನ್ನೇ ಒಂದು ಕ್ಷಣ ನೋಡಿದರು. "ಇಷ್ಟು ವರ್ಷ ನೀವು ನೋಡೇ ಇಲ್ವಾ?"

ಹೊರಡುವ ದಿನ ನಾದಿನಿ ಅವಳ ಕೈಚೀಲದ ಜಿಪ್ಪು ಎಳೆಯುತ್ತ ಹೇಳಿದಳು: "ಅತ್ತಿಗೆ, ಊರು ಹೇಗಿತ್ತು, ಊಟ ಏನಿತ್ತು ಅಂತೆಲ್ಲ ನಾನು ಕೇಳಲ್ಲ. ಆ ಬಿಳೀದು ಹೇಗೆ ನಡೀತು ಅಂತ ಮಾತ್ರ ಸರಿಯಾಗಿ ಹೇಳಬೇಕು. ನಾಲ್ಕು ದಿನ ಇಸ್ತ್ರಿ ಹಿಡಿದು ನನ್ನ ತೋಳು ಬಿದ್ದುಹೋಗಿದೆ."

ಪ್ರದರ್ಶನ ಒಂದು ಹಳೆಯ ಗೋದಾಮಿನಲ್ಲಿ. ಗೋಡೆಗಳಿಗೆ ಹೊಸದಾಗಿ ಸುಣ್ಣ ಬಳಿದಿದ್ದರು, ಅದರ ವಾಸನೆ ಇನ್ನೂ ಹೋಗಿರಲಿಲ್ಲ. ಪರದೆಯ ಹಿಂದೆ ಉದ್ದನೆಯ ಕೊಠಡಿ, ಸಾಲಾಗಿ ಕನ್ನಡಿಗಳು, ಚಕ್ರದ ಕಂಬಿಗಳ ಮೇಲೆ ನೇತುಹಾಕಿದ ಉಡುಪುಗಳು. ಬೆಳಿಗ್ಗೆಯ ಅಭ್ಯಾಸಕ್ಕೆ ಹುಡುಗಿಯರು ಮನೆಯಿಂದ ಹಾಕಿಕೊಂಡು ಬಂದ ಬಟ್ಟೆಯಲ್ಲೇ ನಡೆದರು. ನೆರಿಗೆಯಕ್ಕ ಮೂಲೆಯಲ್ಲಿ ಕೂತು ದಾರ ಎಳೆಯತೊಡಗಿದಳು. ಎಳೆದ ದಾರವನ್ನು ಎಡಗೈಯ ತೋರುಬೆರಳಿಗೆ ಸುತ್ತಿ, ಉಂಗುರದಂತೆ ಜಾರಿಸಿ, ಏಪ್ರನ್ನಿನ ಜೇಬಿಗೆ ಹಾಕುವುದು ಅವಳ ಪದ್ಧತಿ. ಏಳು ಉಡುಪು, ಒಂದೊಂದಕ್ಕೆ ಮೂರು, ಒಟ್ಟು ಇಪ್ಪತ್ತೊಂದು ಉಂಗುರ. ಎಣಿಸದೆ ಅವಳು ಯಾವತ್ತೂ ಎದ್ದವಳಲ್ಲ.

ಅಂದು ಎದ್ದಳು. ಕೆನೆಬಣ್ಣದ ಲಂಗದ ಮುಂದೆ ಮಂಡಿಯೂರಿ ಕೂತಿದ್ದಾಗ ಮೇಡಂ ಅವರ ಸಹಾಯಕಿ ಓಡಿ ಬಂದಳು. "ಅಕ್ಕ, ಬೇಗ ಬನ್ನಿ. ಎರಡನೇ ಸಾಲಲ್ಲಿ ಒಬ್ಬರು ಬಂದಿಲ್ಲ. ಖಾಲಿ ಕುರ್ಚಿ ಫೋಟೋದಲ್ಲಿ ಹಲ್ಲುದುರಿದ ಬಾಯಿ ಥರ ಕಾಣುತ್ತೆ. ಏಪ್ರನ್ ಮೇಲೆ ಈ ಕೋಟು ಹಾಕ್ಕೊಳ್ಳಿ."

ಕೋಟು ಯಾರದೋ, ತೋಳು ಉದ್ದ. ನೆರಿಗೆಯಕ್ಕ ಎರಡನೇ ಸಾಲಿನಲ್ಲಿ ಕೂತಳು. ಎಡಗಡೆ ಒಬ್ಬ ಮುದುಕಿ ಮಡಿಲಲ್ಲಿ ಚಿಕ್ಕ ಪುಸ್ತಕವಿಟ್ಟು ಪೆನ್ಸಿಲ್ ಚೂಪು ಮಾಡುತ್ತಿದ್ದಳು. ಬಲಗಡೆಯವನು ತನ್ನ ಬೂಟಿನದೇ ಫೋಟೋ ತೆಗೆದುಕೊಳ್ಳುತ್ತಿದ್ದ. ಎದುರಿನ ಸಾಲಿನಲ್ಲಿ ಒಬ್ಬಳ ಮೇಲಂಗಿಯ ಕಂಕುಳಿನ ಹೊಲಿಗೆ ಬಿಟ್ಟಿತ್ತು. ಇಷ್ಟು ದೊಡ್ಡವರಿಗೂ ಹೊಲಿಗೆ ಬಿಡುತ್ತದೆ ಎಂದು ಅವಳಿಗೆ ಸಮಾಧಾನವಾಯಿತು.

ದೀಪಗಳು ಆರಿ, ಮತ್ತೆ ಹೊತ್ತಿಕೊಂಡವು. ಮೊದಲ ಹುಡುಗಿ ಬಂದಳು. ಕಪ್ಪು ನಿಲುವಂಗಿ, ಮುಖದಲ್ಲಿ ನಗುವಿಲ್ಲ, ಯಾರ ಜೊತೆಗೋ ಜಗಳವಾಡಿ ಎದ್ದು ಬಂದವಳ ಹಾಗೆ. ಅವಳು ಹಾದುಹೋದಾಗ ಗಾಳಿ ಬೀಸಿತು. ನೆರಿಗೆಯಕ್ಕನಿಗೆ ಆಶ್ಚರ್ಯವಾಯಿತು. ಬಟ್ಟೆಗೆ ಗಾಳಿ ಇರುತ್ತದೆ ಎಂದು ಫೋಟೋ ಯಾವತ್ತೂ ಹೇಳಿರಲಿಲ್ಲ. ಎರಡನೆಯವಳು ಬಂದಳು. ಬಟ್ಟೆಗೆ ಸದ್ದೂ ಇತ್ತು. ಐದನೆಯದು ನೆರಿಗೆಯದು, ಉಡುಪುಗಳು ಬರುವ ಸರದಿ ಅವಳಿಗೆ ಬಾಯಿಪಾಠ. ಕಣ್ಣು ಬಾಗಿಲಲ್ಲಿ ನೆಟ್ಟು ಕೂತವಳ ಬೆರಳುಗಳು ಅಭ್ಯಾಸಬಲದಿಂದ ಕೋಟಿನೊಳಗೆ ಇಳಿದು ಜೇಬಿನ ಉಂಗುರಗಳನ್ನು ಒಂದೊಂದಾಗಿ ಸರಿಸತೊಡಗಿದವು.

ಇಪ್ಪತ್ತು.

ಮತ್ತೆ ಎಣಿಸಿದಳು. ಇಪ್ಪತ್ತೇ.

ಒಂದು ದಾರ ಬಟ್ಟೆಯಲ್ಲೇ ಉಳಿದಿತ್ತು. ಯಾವುದೆಂದು ಯೋಚಿಸಬೇಕಾಗಿರಲಿಲ್ಲ. ಕೆನೆಬಣ್ಣದ ಲಂಗ, ಸೊಂಟದ ದಾರ ತೆಗೆದಿದ್ದಳು, ಮೊಣಕಾಲಿನದು ತೆಗೆದಿದ್ದಳು, ಅಂಚಿಗೆ ಕೈಯಿಡುವಷ್ಟರಲ್ಲಿ ಸಹಾಯಕಿ ಬಂದಿದ್ದಳು. ಗುರುತು ಉಳಿಯದಿರಲೆಂದು ಅದಕ್ಕೆ ಬಟ್ಟೆಯದೇ ಬಣ್ಣದ ರೇಷ್ಮೆ ದಾರ ಹಾಕಿದ್ದವಳೂ ಅವಳೇ. ಹಾಕಿದವಳಿಗಲ್ಲದೆ ಬೇರೆಯವರ ಕಣ್ಣಿಗೆ ಅದು ಬೀಳುವುದಿಲ್ಲ. ಅಂಚು ಬಿಗಿದ ಲಂಗದಲ್ಲಿ, ಎತ್ತರದ ಹಿಮ್ಮಡಿಯ ಚಪ್ಪಲಿಯ ಮೇಲೆ, ದೊಡ್ಡ ಹೆಜ್ಜೆ ಹಾಕಿದರೆ ಹುಡುಗಿ ಮುಗ್ಗರಿಸುತ್ತಾಳೆ. ಅದೂ ಎಲ್ಲರೂ ಕಾದು ಕೂತ ಕೊನೆಯ ಉಡುಪಿನಲ್ಲಿ, ಮೇಡಂ ಹೆಸರಿನಲ್ಲಿ.

ಬಾಗಿಲಲ್ಲಿ ಐದನೆಯ ಹುಡುಗಿ ಕಾಣಿಸಿಕೊಂಡಳು. ಇಪ್ಪತ್ತೆರಡು ವರ್ಷ ಕಾದದ್ದು ಬಾಗಿಲಿಗೆ ಬಂದಿತ್ತು. ನೆರಿಗೆಯಕ್ಕ ಅವಳ ಮೊದಲ ಹೆಜ್ಜೆಗೂ ಕಾಯದೆ ಎದ್ದಳು.

ಮುದುಕಿಯ ಪೆನ್ಸಿಲ್ ಕೆಳಗೆ ಬಿತ್ತು. ಬೂಟಿನವನು ಏನೋ ಗೊಣಗಿದ. ಅವಳು ಸಾಲಿನ ಹಿಂದೆ ಬಗ್ಗಿಕೊಂಡೇ ಓಡಿದಳು. ಪರದೆಯ ಹತ್ತಿರ ನಿಂತ ಕಾವಲಿನವನು ಕೈ ಅಡ್ಡ ಹಿಡಿದ. ಅವಳು ಕೋಟು ಬಿಚ್ಚಿ ಏಪ್ರನ್ ತೋರಿಸಿದಳು. ಅದಕ್ಕೆ ಭಾಷೆ ಬೇಕಾಗಲಿಲ್ಲ, ಅವನು ಸರಿದು ನಿಂತ.

ಕೆನೆಬಣ್ಣದ ಲಂಗದ ಹುಡುಗಿ ಸಾಲಿನ ತುದಿಯಲ್ಲಿದ್ದಳು. ಅಂಚು ಬಿಗಿಯಾಗಿರುವುದು ಅವಳಿಗೂ ತಿಳಿದಿತ್ತು. ಇದು ಹೀಗೇ ಇರಬೇಕೇನೋ ಎಂದುಕೊಂಡು ಪಾಪ ನಿಂತಲ್ಲೇ ಗುಬ್ಬಿ ಹೆಜ್ಜೆ ಅಭ್ಯಾಸ ಮಾಡುತ್ತಿದ್ದಳು. ನೆರಿಗೆಯಕ್ಕ ಅವಳ ಕಾಲ ಬಳಿ ಕುಸಿದು ಕೂತು ಜೇಬು ತಡಕಿದಳು. ಕತ್ತರಿ ಮೂಲೆಯ ಮೇಜಿನ ಮೇಲೇ ಉಳಿದಿತ್ತು. ಸಾಲು ಮುಂದೆ ಸರಿಯುತ್ತಿತ್ತು. ಕೂತಲ್ಲಿಂದಲೇ ಅವಳೂ ಅದರೊಂದಿಗೆ ತೆವಳಿದಳು. ಬಟ್ಟೆಗೆ ಹಲ್ಲು ತಾಗಿಸಿದವರನ್ನು ಮೇಡಂ ಕೆಲಸದಿಂದಲೇ ಕಳಿಸಿದ್ದುಂಟು. ನೆರಿಗೆಯಕ್ಕ ಅಂಚು ಮಗುಚಿ ಗಂಟು ಹುಡುಕಿದಳು, ಹಲ್ಲಿನಿಂದ ಕಡಿದಳು. ಆಮೇಲೆ ಉಸಿರು ಬಿಗಿಹಿಡಿದು, ಮಲಗಿದ ಮಗುವಿನ ಕೈಯಿಂದ ಆಟಿಕೆ ಬಿಡಿಸುವಷ್ಟು ಮೆಲ್ಲಗೆ ಎಳೆದಳು. ದಾರ ಬಂತು. ಕೊನೆಯ ಮೊಳ ಬರುವಾಗ ಹುಡುಗಿ ನಡೆಯಲು ತೊಡಗಿಯೇ ಬಿಟ್ಟಿದ್ದಳು.

ಹೀಗಾಗಿ ನೆರಿಗೆಯಕ್ಕ ನೋಡಿದ್ದು ನೆಲದಿಂದ, ಹಿಂದಿನಿಂದ, ಪರದೆಯ ಸೀಳಿನಲ್ಲಿ, ಎಂಟೇ ಎಂಟು ಹೆಜ್ಜೆ.

ಗುಬ್ಬಿ ಹೆಜ್ಜೆಯೊಂದು ಇಟ್ಟ ಹುಡುಗಿಗೆ ಲಂಗ ಬಿಟ್ಟುಕೊಟ್ಟದ್ದು ತಿಳಿಯಿತು. ಎರಡನೆಯದನ್ನು ಅಗಲಕ್ಕೆ ಹಾಕಿದಳು. ಬಲಗಡೆಯ ನೆರಿಗೆಗಳು ಒಟ್ಟಿಗೆ ತೆರೆದುಕೊಂಡವು. ಎಡಗಡೆಯವು ಅರ್ಧ ಉಸಿರಿನಷ್ಟು ತಡೆದು, ಒಂದರ ಹಿಂದೊಂದು ತೆರೆದವು, ಬಲಗಡೆಯವು ಮುಚ್ಚಿದ್ದನ್ನು ಕೇಳಿಸಿಕೊಂಡು ಎದ್ದವರ ಹಾಗೆ. ಪ್ರತಿ ಹೆಜ್ಜೆಗೂ ಹಾಗೆಯೇ. ಎಂಟನೆಯ ಹೆಜ್ಜೆಗೆ ಹುಡುಗಿ ಬೆಳಕಿನೊಳಗೆ ಹೋದಳು, ಪರದೆ ಕೂಡಿಕೊಂಡಿತು. ಆಚೆ ಚಪ್ಪಾಳೆ ಕೇಳಿಸಿತು.

ಎಲ್ಲ ಮುಗಿದ ಮೇಲೆ ಮೇಡಂ ಹೂಗುಚ್ಛಗಳ ನಡುವಿನಿಂದ ಬಂದು ಕೇಳಿದರು: "ಅಕ್ಕ, ಕುರ್ಚಿಯಿಂದ ಚೆನ್ನಾಗಿ ಕಾಣ್ತಾ?"

ನೆರಿಗೆಯಕ್ಕ ಬೆರಳಿಗೆ ಸುತ್ತಿದ್ದ ದಾರದ ಉಂಗುರ ತೆಗೆದು ಅವರ ಅಂಗೈಯಲ್ಲಿಟ್ಟಳು. "ಇದು ಆ ಲಂಗದ ಅಂಚಲ್ಲಿ ಉಳಿದಿತ್ತು ಮೇಡಂ. ಎಣಿಸದೆ ಎದ್ದುಬಿಟ್ಟೆ. ಹಲ್ಲಲ್ಲಿ ಕಡಿದೆ."

ಮೇಡಂ ದಾರವನ್ನು ನೋಡಿದರು, ಅವಳ ಮೊಣಕಾಲಿನ ಸುಣ್ಣದ ಧೂಳು ನೋಡಿದರು. "ಯಾವಾಗ?"

"ಅವಳು ಹೋಗೋ ಹೊತ್ತಿಗೆ."

ಮೇಡಂ ಪಕ್ಕದ ಪೆಟ್ಟಿಗೆಯ ಮೇಲೆ ಕೂತರು. "ಹಾಗಾದ್ರೆ ನೀವು ಏನೂ ನೋಡಲಿಲ್ಲ," ಎಂದರು.

"ಎಂಟು ಹೆಜ್ಜೆ ನೋಡಿದೆ ಮೇಡಂ. ಅದರಲ್ಲೊಂದು ವಿಷಯ ಇದೆ."

ಆ ವಿಷಯ ಊರಿಗೆ ಮರಳಿದ ಮೇಲೆ ದೊಡ್ಡದಾಯಿತು. ಎಡಗಡೆಯ ನೆರಿಗೆ ತಡವಾಗಿ ತೆರೆಯುತ್ತದೆ ಎಂದದ್ದಕ್ಕೆ ಮಾಸ್ಟರು ಮುಖ ಊದಿಸಿಕೊಂಡರು. "ನನ್ನ ಕಟಿಂಗಲ್ಲಿ ಎಡ ಬಲ ಅಂತ ಭೇದ ಇಲ್ಲ."

"ನಿಮ್ಮ ಬೊಂಬೆಗೆ ಕಾಲಿಲ್ಲವಲ್ಲ ಮಾಸ್ಟ್ರೇ," ಎಂದಳು ನಾದಿನಿ.

ನಿಯಮ ಬಿಟ್ಟು, ಹಾಕಿಕೊಂಡು ನಡೆದು ನೋಡಲು ಮೇಡಂ ಒಪ್ಪಿದರು. ಅಳತೆ ನೋಡಲೆಂದು ಮೊದಲು ಕೋರಾ ಬಟ್ಟೆಯಲ್ಲಿ ಹೊಲಿದಿದ್ದ ಅದೇ ಲಂಗವನ್ನು ನಾದಿನಿ ಹಾಕಿಕೊಂಡಳು. ಹೊಲಿಗೆ ಯಂತ್ರಗಳೆಲ್ಲ ನಿಂತವು. ಅವಳು ಇಸ್ತ್ರಿ ಮೇಜಿನಿಂದ ಕಿಟಕಿಯವರೆಗೆ, ಯಾರ ಜೊತೆಗೋ ಜಗಳವಾಡಿ ಬಂದವಳಂತೆ ಮುಖ ಮಾಡಿಕೊಂಡು ನಡೆದಳು.

"ನಿಂತ್ಕೊಂಡು ನೋಡಿದ್ರೆ ಕಾಣಲ್ಲ, ಇಲ್ಲಿ ಬನ್ನಿ," ಎಂದಳು ನೆಲದ ಮೇಲೆ ಕೂತಿದ್ದ ನೆರಿಗೆಯಕ್ಕ.

ಮಾಸ್ಟರು ಮೇಜು ಹಿಡಿದುಕೊಂಡು, ಮೊಣಕಾಲು ಲಟಕ್ಕೆನಿಸಿ, ಅವಳ ಪಕ್ಕ ಕೂತರು. ಕನ್ನಡಕ ಸರಿಮಾಡಿಕೊಂಡರು. "ಇನ್ನೊಂದ್ಸಲ ನಡಿಯಮ್ಮ." ನಾದಿನಿ ನಡೆದಳು. "ಇನ್ನೊಂದ್ಸಲ."

ಐದನೆಯ ಸಲಕ್ಕೆ ಅವರು ಹೇಳಿದರು: "ಎಲ್ಲ ಒಂದೇ ದಿಕ್ಕಿಗೆ ಮಡಿಸಿದ್ದಕ್ಕೆ ಹೀಗೆ. ನಡುಬೆನ್ನಿಂದ ಎರಡೂ ಕಡೆಗೆ ಮಡಿಸಿದ್ರೆ ಸರಿಹೋಗುತ್ತೆ."

"ಸರಿ ಮಾಡೋಕೆ ಅದೇನು ತಪ್ಪಾ ಮಾಸ್ಟ್ರೇ?" ಎಂದಳು ನೆರಿಗೆಯಕ್ಕ.

ಕಿಟಕಿಯ ಹತ್ತಿರ ನಾದಿನಿ ತಿರುಗಿದಳು. ಬಲಗಡೆ ತೆರೆಯಿತು. ಇಬ್ಬರೂ ಕುತ್ತಿಗೆ ಚಾಚಿ ಎಡಗಡೆಗೆ ಕಾದರು.