ಭೈರೋಜಿಯ ಮೀಸೆ

ಗುಡಗೇರಿ ಸ್ಟೇಷನ್ನಿನಲ್ಲಿ ಬೆಳಗಿನ ಗಾಡಿಗೆ ಕಾದಿದ್ದ ರೈತರ ನಡುವೆ ಒಬ್ಬನ ಹುರಿಮೀಸೆ ಮಾತ್ರ ಅಂಟಿಸಿದ್ದು. ಊರಿನ ನಾಟಕದ ಖಳ, ದರೋಡೆಕೋರ ಭೈರೋಜಿಯ ಮೀಸೆ ಅದು. ನಾಟಕವೇನೋ ಹೋದ ವಾರವೇ ಮುಗಿದಿತ್ತು.

ಬಾಜೂ ಕೂತಿದ್ದ ಹಿರಿಯರೊಬ್ಬರು ಹೇಳಿದರು: “ನಾಟಕ ಮುಗದ ಮ್ಯಾಲೆ ಭೈರೋಜಿ ಸ್ಟೇಜಿನ ಮ್ಯಾಲೇ ಮೀಸಿ ಕಿತ್ತು ಮಂದಿಗೆ ಕೈ ಮುಗೀಬೇಕ್ರಿ, ನಮ್ಮೂರ ಪದ್ಧತಿ ಅದು. ಈ ಸಲ ಮಂದಿ ಕೀಳಾಕ ಬಿಡಲಿಲ್ಲ. ನಾಟಕದಾಗ ಚಾವಡ್ಯಾಗಿನ ಕರದ ಕಾಗದ ಸುಟ್ಟಾಂವಲ್ರಿ! ನಮಗ ನೀರಿನ ಕರದ ನೋಟಿಸು ಬಂದಾವು. ಅದಕ್ಕ ಇವತ್ತು ಮತ್ತ ಮೀಸಿ ಹಚ್ಚಿಸಿ, ಕುಂದಗೋಳ ತಹಶೀಲ್ದಾರ ಕಚೇರಿ ಮುಂದ ನಿಂದರಸಾಕ ಕರಕೊಂಡು ಹೊಂಟೀವಿ.”

ಭೈರೋಜಿ ಮೀಸೆ ಕಳಚೀತೆಂದು ತುಟಿ ಅಲುಗಿಸದೆ ಚಹಾ ಕುಡಿಯುತ್ತಿದ್ದ. ಏನು ಉದ್ಯೋಗ ಎಂದು ಅವನನ್ನು ಕೇಳಿದೆ.

“ಅದ ಕಚೇರ್ಯಾಗ ಸಿಪಾಯಿರಿ.”

“ಸಾಹೇಬರು ಗುರುತು ಹಿಡಿದರೆ ನೌಕರಿ ಉಳಿಯುತ್ತದೆಯೆ?”

“ಖಾತ್ರಿ ಇಲ್ರಿ. ಆದ್ರ ಸಾಹೇಬ್ರೂ ನಾಟಕಕ್ಕ ಬಂದಿದ್ರು. ನಾ ಕಾಗದ ಸುಡೂ ಮುಂದ ಅವ್ರೂ ಚಪ್ಪಾಳಿ ಹೊಡದ್ರು.”

ಗಾಡಿ ಬಂತು. ಎಲ್ಲರೂ ಅವನನ್ನೇ ಮೊದಲು ಹತ್ತಿಸಿದರು. ಬಾಗಿಲಲ್ಲಿ ನಿಂತು ಅವನು ಹೆಬ್ಬೆರಳಿನಿಂದ ಮೀಸೆಯ ಎಡಬದಿ ಒತ್ತಿ ಹಿಡಿದ. ಅಲ್ಲಿ ಅಂಟು ಬಿಡತೊಡಗಿತ್ತು.