ಉರಿಯಬಾರದ ಅರವತ್ನಾಲ್ಕು ದೀಪಗಳು

ಬೆಳಗಿನ ಐದೂವರೆ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಕಿಟಕಿಯ ಗಾಜು ಇನ್ನೂ ನೀಲಿ. ಬೆಸುಗೆ ಕಡ್ಡಿಯ ತುದಿಯಿಂದ ರಾಳದ ಹೊಗೆ ಎಳೆಯಾಗಿ ಎದ್ದು ಛಾವಣಿಯ ಹತ್ತಿರ ಪುಟ್ಟ ಮೋಡದಂತೆ ತಂಗುತ್ತದೆ. ಅದರ ಕೆಳಗೆ ಒಬ್ಬ ಹೆಂಗಸು ಕಣ್ಣು ಮುಚ್ಚಿ ಕುಳಿತಿದ್ದಾರೆ. ನಿದ್ದೆಯಲ್ಲ. ಕಪ್ಪು ತಗಡಿನ ಹಲಗೆಯ ಮೇಲೆ ಸಾಲಾಗಿ ನಿಂತ ಸ್ವಿಚ್‌ಗಳನ್ನು ಅವರ ಬೆರಳುಗಳು ಒಂದೊಂದಾಗಿ ಎತ್ತಿ ಇಳಿಸುತ್ತಿವೆ. ಟಿಕ್. ಟಿಕ್. ಟಿಕ್.

“ಕಣ್ಣು ಬಿಟ್ಕೊಂಡ್ರೆ ಎಲ್ಲಾ ಸರಿಯಾಗೇ ಕಾಣತ್ತೆ. ಸಡಿಲ ಇರೋದು ಬೆರಳಿಗೂ ಕಿವಿಗೂ ಮಾತ್ರ ಗೊತ್ತಾಗೋದು. ಅದರ ದನಿ ಸ್ವಲ್ಪ ಮೆತ್ತಗಿರತ್ತೆ,” ಎನ್ನುತ್ತಾರೆ.

ಬೀದಿಗೆಲ್ಲ ಅವರು ತಂತಿಯಕ್ಕ. ವಯಸ್ಸು ಐವತ್ತೇಳು. ಮನೆಯಲ್ಲೇ ಕುಳಿತು ಕಂಪ್ಯೂಟರ್ ಪರದೆಯ ಆಕಾಶದಲ್ಲಿ ವಿಮಾನ ಹಾರಿಸುವವರು ಕೆಲವರಿದ್ದಾರೆ. ಅವರಿಗೆ ಕೀಲಿಮಣೆ ಸಾಲದು. ನಿಜವಾದ ಕಾಕ್‌ಪಿಟ್‌ನಲ್ಲಿರುವಂತೆ ತಲೆಯ ಮೇಲೂ ಎದುರಿಗೂ ಸ್ವಿಚ್‌ಗಳು, ಸೂಚನೆಯ ಪುಟ್ಟ ದೀಪಗಳು ಬೇಕು. ಅಂಥ ಹಲಗೆಗಳಿಗೆ ತಂತಿ ಹೆಣೆಯುವುದು ಇವರ ಕೆಲಸ. ಈಗ ಮೇಜಿನ ಮೇಲಿರುವುದರಲ್ಲಿ ನೂರ ಹದಿನೆಂಟು ಸ್ವಿಚ್, ಅರವತ್ನಾಲ್ಕು ದೀಪ. ತಂತಿಯನ್ನೆಲ್ಲ ಬಿಡಿಸಿ ಉದ್ದಕ್ಕೆ ಹಾಸಿದರೆ ಇನ್ನೂರ ಎಪ್ಪತ್ತು ಮೀಟರ್ ಆದೀತು. ಇವರ ಕೆಲಸ ನೋಡಿ ಬರೆಯಲು ಬಂದ ನಾನು ಎರಡು ಸಲ ಲೆಕ್ಕ ಹಾಕಿದ್ದೇನೆ, ಐದಾರು ಮೀಟರ್ ಹೆಚ್ಚುಕಡಿಮೆ ಇದ್ದೀತು. ಇವರು ವಿಮಾನ ಹತ್ತಿದವರಲ್ಲ. “ಬಸ್ಸಲ್ಲೇ ಕಿಟಕಿ ಪಕ್ಕ ಕೂತ್ರೆ ತಲೆ ತಿರುಗತ್ತೆ ನಂಗೆ!”

ಕೈ ಪಳಗಿದ್ದು ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ. ಇಪ್ಪತ್ತೆರಡು ವರ್ಷ ಅಲ್ಲಿ ತಂತಿಗಳ ಗೊಂಚಲನ್ನು ಮೇಣದ ದಾರದಿಂದ ಕಟ್ಟಿದ್ದಾರೆ, ಇಂಚಿಗೊಂದು ಗಂಟು. ಒಂದು ದಿನ ನಾಲ್ಕು ಕೋಣೆಯ ಯಂತ್ರಗಳೆಲ್ಲ ಒಂದು ಬೀರುವಿನೊಳಗೆ ಹಿಡಿಸುವಷ್ಟು ಚಿಕ್ಕವಾದವು. ಕೆಲಸದವರು ಹೊರಗೆ ಬಂದರು. ಆಮೇಲೆ ಮಿಕ್ಸಿ ರಿಪೇರಿ, ಆಟಿಕೆ ರಿಪೇರಿ, ಒಂದಷ್ಟು ಕಾಲ ಏನೂ ಇಲ್ಲ. ಈಗ ದಿನಕ್ಕೆ ತೊಂಬತ್ತು ಬೆಸುಗೆ ಎಂದು ಮಿತಿ ಹಾಕಿಕೊಂಡಿದ್ದಾರೆ. ಅದರ ಮೇಲೆ ಹೋದರೆ ಬಲಗೈ ನಡುಗುತ್ತದೆ. ನಡುಗುವ ಕೈಯಲ್ಲಿ ಹಾಕಿದ ಬೆಸುಗೆಯನ್ನು ಮರುದಿನ ಇವರೇ ಕಿತ್ತು ಹಾಕುತ್ತಾರೆ.

ಈ ಹಲಗೆ ಕ್ಯಾಪ್ಟನ್ನರದು. ನಿಜವಾದ ವಿಮಾನ ಹಾರಿಸಿದವರು. ಎಂಟು ವರ್ಷದ ಹಿಂದೆ ಎಂದಿನಂತೆ ಆರೋಗ್ಯ ತಪಾಸಣೆಗೆ ಹೋದಾಗ, ಹೃದಯದ ಬಡಿತ ಸರಿಯಿಲ್ಲ, ನಾಳೆಯಿಂದ ಹಾರುವಂತಿಲ್ಲ ಎಂದರಂತೆ ಡಾಕ್ಟರು. ಹಿಂದಿನ ದಿನ ಇಳಿಸಿದ್ದೇ ತಮ್ಮ ಕೊನೆಯ ವಿಮಾನ ಎಂಬುದು ಇಳಿಸುವಾಗ ಅವರಿಗೆ ಗೊತ್ತಿರಲಿಲ್ಲ.

ಮೂರು ವಾರದ ಹಿಂದೆ ತಂತಿಯಕ್ಕ ಇದೇ ಹಲಗೆಯನ್ನು ಅವರ ಮನೆಯಲ್ಲಿ ಕೂರಿಸಿ ಬಂದಿದ್ದರು. ಆಗ ಆದ ತಪ್ಪನ್ನು ಅವರು ಮುಚ್ಚಿಡುವುದಿಲ್ಲ. ಎಕ್ಸ್‌ಚೇಂಜ್‌ನಲ್ಲಿ ದೀಪ ಉರಿದರೆ ಲೈನಿಗೆ ಜೀವ ಇದೆ ಎಂದರ್ಥ. ಆ ಅಭ್ಯಾಸದಲ್ಲಿ, ಎಲ್ಲ ಸರಿಯಿದ್ದಾಗ ಉರಿಯುವಂತೆ ಅರವತ್ನಾಲ್ಕೂ ದೀಪಗಳನ್ನು ಜೋಡಿಸಿಬಿಟ್ಟರು. ಈ ಹಲಗೆಯ ದೀಪಗಳ ರೀತಿ ಅದಕ್ಕೆ ಪೂರಾ ಉಲ್ಟಾ. ಏನಾದರೂ ಕೆಟ್ಟಾಗ, ಆಗಬೇಕಾದ್ದು ಆಗದಿದ್ದಾಗ ಮಾತ್ರ ದೀಪ ಉರಿಯಬೇಕು. ಎಲ್ಲ ಸರಿಯಿದ್ದರೆ ಕತ್ತಲು.

“ಕೂತ್ರು, ಸ್ವಿಚ್ ಹಾಕಿದ್ರು. ದೀಪ ಎಲ್ಲಾ ಜಗ್ ಅಂತ ಹತ್ಕೊಂಡ್ವು. ನಂಗೆ ಖುಷಿಯೋ ಖುಷಿ! ತಿರುಗಿ ನೋಡಿದ್ರೆ ಕ್ಯಾಪ್ಟನ್ ಮುಖದಲ್ಲಿ ರಕ್ತ ಇಲ್ಲ. ಕೈ ಎರಡೂ ತೊಡೆ ಮೇಲೆ. ಬೈದಿದ್ರೆ ವಾಸಿ ಇತ್ತು. ‘ಆಯ್ತಮ್ಮ’ ಅಂತ ಎದ್ದು ಹೋದ್ರು.” ಮರುದಿನ ಕ್ಯಾಪ್ಟನ್ನರ ಹೆಂಡತಿ ಫೋನ್ ಮಾಡಿ, ಯಜಮಾನರು ಆ ಕೋಣೆಗೆ ಬೀಗ ಹಾಕಿದ್ದಾರೆ ಎಂದರು.

ಕಂಪ್ಯೂಟರಿನಲ್ಲೇ ಒಂದು ಸಾಲು ಬದಲಿಸಿದರೆ ಸಾಕು, ಎಲ್ಲ ತಿರುವುಮುರುವಾಗುತ್ತದೆ ಎಂದು ತಿಳಿದವರು ಹೇಳಿದ್ದರಂತೆ. ತಂತಿಯಕ್ಕ ಒಪ್ಪಲಿಲ್ಲ. “ತಪ್ಪು ಮಾಡಿದ್ದು ತಂತಿಯಲ್ಲಿ. ತಿದ್ದೋದೂ ಅಲ್ಲೇ.” ಹಲಗೆಯನ್ನು ವಾಪಸು ತಂದು ಅರವತ್ನಾಲ್ಕು ದೀಪಗಳ ಎರಡೆರಡು ಕಾಲುಗಳನ್ನು ಬಿಚ್ಚಿ, ಅದಲುಬದಲು ಮಾಡಿ ಮತ್ತೆ ಬೆಸೆದಿದ್ದಾರೆ. ನೂರ ಇಪ್ಪತ್ತೆಂಟು ಬೆಸುಗೆ. ಗಂಟುಗಳನ್ನೆಲ್ಲ ಹೊಸದಾಗಿ ಕಟ್ಟಿದ್ದಾರೆ. ಇವತ್ತು ಹತ್ತು ಗಂಟೆಗೆ ಮರುಪರೀಕ್ಷೆ.

“ಇವತ್ತೂ ಕೆಟ್ರೆ ಬೆಸುಗೆ ಕಡ್ಡಿ ಕೆಳಗಿಡ್ತೀನಿ ಅಂತ ಇವಳಿಗೆ ಮಾತು ಕೊಟ್ಟಿದೀನಿ,” ಎನ್ನುತ್ತಾರೆ, ಟೀ ತಂದ ತಂಗಿಯತ್ತ ನೋಡದೆ. ತಂಗಿಗೆ ಗುಂಡಿ, ದಾರ, ಲೇಸ್ ಮಾರುವ ಅಂಗಡಿಯಿದೆ.

“ಅಂಗಡೀಲಿ ನಿಂಗೊಂದು ಸ್ಟೂಲು ಒರೆಸಿಟ್ಟಿದೀನಿ ಕಣೇ ಅಕ್ಕ. ಗುಂಡಿಗೆ ಉಲ್ಟಾ ಸೀದಾ ಅಂತ ತಾಪತ್ರಯ ಇಲ್ಲ. ಹೇಗೆ ಹೊಲಿದ್ರೂ ಗುಂಡಿನೇ.”

“ನಿನ್ನ ಬಾಯಿಗೆ ಹಾಕೋ ಗುಂಡಿ ಇದ್ಯಾ ಅಂಗಡೀಲಿ?”

ಹತ್ತಕ್ಕೆ ಸರಿಯಾಗಿ ನಾವು ಕ್ಯಾಪ್ಟನ್ನರ ಮನೆಯಲ್ಲಿದ್ದೇವೆ. ಹಿತ್ತಿಲ ಕಡೆಯ ಉಗ್ರಾಣವೇ ಕಾಕ್‌ಪಿಟ್. ಪ್ಲೈವುಡ್‌ನ ಗೋಡೆ, ಗುಜರಿಯಿಂದ ತಂದ ಬಸ್ಸಿನ ಸೀಟು, ಎದುರಿಗೆ ಅಗಲವಾದ ಪರದೆ. ಪರದೆಯಲ್ಲಿ ಇನ್ನೂ ಬೆಳಗಾಗದ ಒಂದು ರನ್‌ವೇ, ಅದರಾಚೆ ಬೂದುಬಣ್ಣದ ಬೆಟ್ಟಗಳು. ತಂತಿಯಕ್ಕ ಹಲಗೆ ಕೂರಿಸಿ ಸ್ಕ್ರೂ ಬಿಗಿದು ಗೋಡೆಗೆ ಒತ್ತಿಕೊಂಡು ನಿಲ್ಲುತ್ತಾರೆ. ಪೆಟ್ಟಿಗೆ ಹೊತ್ತು ತಂದ ತಂಗಿ ಹೊಸ್ತಿಲ ಮೇಲೇ ನಿಂತಿದ್ದಾರೆ.

ಕ್ಯಾಪ್ಟನ್ ಕೂರುತ್ತಾರೆ. ಹಲಗೆಗೆ ಕರೆಂಟು ಕೊಡುತ್ತಲೇ ಎಲ್ಲ ದೀಪಗಳೂ ಹತ್ತಿಕೊಳ್ಳುತ್ತವೆ. ಅವರ ಕೈ ಗಾಳಿಯಲ್ಲೇ ನಿಲ್ಲುತ್ತದೆ.

“ಇನ್ನೂ ಏನೂ ಶುರು ಆಗಿಲ್ಲ ಸಾರ್, ಅದಕ್ಕೇ ಉರೀತಿವೆ. ನೀವು ಹಾಕ್ತಾ ಹೋಗಿ,” ಎನ್ನುತ್ತಾರೆ ತಂತಿಯಕ್ಕ.

ಬ್ಯಾಟರಿ. ಇಂಧನದ ಪಂಪು. ಎಂಜಿನ್ನು. ಒಂದೊಂದು ಸ್ವಿಚ್ ಮೇಲೇಳುತ್ತಿದ್ದಂತೆ ಒಂದೊಂದು ದೀಪ ಆರುತ್ತದೆ, ನಸುಕಿನಲ್ಲಿ ಚುಕ್ಕಿಗಳು ಕರಗುವ ಹಾಗೆ. ಮೂವತ್ತು. ಹನ್ನೆರಡು. ನಾಲ್ಕು. ಕೊನೆಗೆ ಮೂಲೆಯಲ್ಲಿ ಒಂದೇ ಒಂದು ಹಳದಿ ದೀಪ ಉಳಿಯುತ್ತದೆ. ಕ್ಯಾಪ್ಟನ್ ಎಲ್ಲ ಸ್ವಿಚ್‌ಗಳನ್ನೂ ಮತ್ತೊಮ್ಮೆ ನೋಡುತ್ತಾರೆ. ದೀಪ ಆರುವುದಿಲ್ಲ. ಅವರ ಕೈ ನಿಧಾನವಾಗಿ ತೊಡೆಗೆ ಇಳಿಯುತ್ತದೆ. ತಂತಿಯಕ್ಕನ ತುಟಿ ಅಲುಗುತ್ತಿದೆ. ನೂರ ಇಪ್ಪತ್ತೆಂಟನ್ನೂ ಮನಸ್ಸಿನಲ್ಲಿ ಎಣಿಸುತ್ತಿದ್ದಾರೇನೋ. ಇದ್ದಕ್ಕಿದ್ದಂತೆ ತಿರುಗಿ ಕೂಗುತ್ತಾರೆ:

“ಲೇ, ಒಳಗೆ ಬಂದು ಬಾಗಿಲು ಹಾಕೇ!”

ಕೋಣೆಯ ಬಾಗಿಲನ್ನೇ ವಿಮಾನದ ಬಾಗಿಲೆಂದು ಜೋಡಿಸಿ ಎಂದು ಕ್ಯಾಪ್ಟನ್ ಕೇಳಿಕೊಂಡಿದ್ದರು. ಚೌಕಟ್ಟಿನಲ್ಲಿ ಒಂದು ಪುಟ್ಟ ಸ್ವಿಚ್ಚಿದೆ. ತಂಗಿ ಗಾಬರಿಯಿಂದ ಒಳಗೆ ಹಾರಿ ಬಾಗಿಲು ಎಳೆದುಕೊಳ್ಳುತ್ತಾರೆ. ಹಳದಿ ದೀಪ ಆರುತ್ತದೆ.

ಕ್ಯಾಪ್ಟನ್ ಗಟ್ಟಿಯಾಗಿ ನಗುತ್ತಾರೆ. “ಬಾಗಿಲು ತೆರೆದಿಟ್ಕೊಂಡು ಹೊರಟಿದ್ದೆ ನಾನು!” ಅವರ ಕೈ ಮೇಲೇಳುತ್ತದೆ, ಈ ಸಲ ನಡುವೆ ಎಲ್ಲೂ ನಿಲ್ಲುವುದಿಲ್ಲ. ರನ್‌ವೇ ನಮ್ಮ ಕಡೆಗೆ ಹರಿಯತೊಡಗುತ್ತದೆ, ಬೆಟ್ಟಗಳು ಕೆಳಗಿಳಿಯುತ್ತವೆ. ಆಮೇಲೆ ಬರೀ ಆಕಾಶ. ಉಗ್ರಾಣದ ನೆಲ ಅಲುಗಿಲ್ಲ ಎಂದು ನನಗೆ ಗೊತ್ತು, ಆದರೂ ಗೋಡೆ ಹಿಡಿದುಕೊಂಡಿದ್ದೇನೆ.

“ಮೂರು ವಾರ ಕಣ್ಣು ಕಳ್ಕೊಂಡ್ರೂ ಒಂದ್ ದೀಪನೂ ಉರೀತಿಲ್ವಲ್ಲೇ,” ತಂಗಿ ಪಿಸುಗುಡುತ್ತಾರೆ. “ಅಂತೂ ನನ್ನ ಸ್ಟೂಲು ಖಾಲಿನೇ ಅನ್ನು.”

ತಂತಿಯಕ್ಕ ಹಲಗೆಯಿಂದ ಕಣ್ಣು ಕೀಳುವುದಿಲ್ಲ.

“ನೋಡೇ,” ಎನ್ನುತ್ತಾರೆ, “ಎಷ್ಟು ಚೆನ್ನಾಗಿ ಕತ್ತಲಾಗಿದೆ.”