ಪಾಯ ತೋಡದ ಗ್ಯಾರೇಜು

ನಾಸಿಕದ ನಮ್ಮ ಮನೆಯ ಪೂರ್ವದ ಗೋಡೆಗೂ ಕಂಪೌಂಡಿಗೂ ನಡುವೆ ಒಂದು ಕಾರು ನಿಲ್ಲುವಷ್ಟು ಜಾಗವಿತ್ತು. ಅಲ್ಲಿ ನಮ್ಮ ಅತ್ತೆ ಏನನ್ನೂ ಬೆಳೆಸುತ್ತಿರಲಿಲ್ಲ. ಹಿತ್ತಲಲ್ಲಿ ಮೆಂತ್ಯ, ಕೊತ್ತಂಬರಿ, ಬೇಲಿಯ ಮೇಲೆ ಹೀರೆ ಬಳ್ಳಿ, ಮನೆಯ ಮುಂದೆ ಸೇವಂತಿಗೆ. ಇಲ್ಲಿ ಮಾತ್ರ ಬರೀ ಹುಲ್ಲು. ಬಟ್ಟೆ ಒಣಹಾಕಲು ಆ ಕಡೆ ಹೋಗಬೇಕಾದರೆ ಅವರು ಚಪ್ಪಲಿ ಬಿಟ್ಟು, ಗೋಡೆಗೆ ಮೈ ಒತ್ತಿಕೊಂಡು ದಾಟುತ್ತಿದ್ದರು. ಕಲಬುರಗಿಯಿಂದ ಸೊಸೆಯಾಗಿ ಬಂದ ಹೊಸದರಲ್ಲೇ ನಾನಿದನ್ನು ಕಂಡಿದ್ದೆ, ಕೇಳಿರಲಿಲ್ಲ. ಕಾನ್ವೆಂಟಿನಲ್ಲಿ ನಮಗೆ ನೋಡುವುದನ್ನೂ ಸುಮ್ಮನಿರುವುದನ್ನೂ ಒಟ್ಟಿಗೇ ಕಲಿಸಿದ್ದರು.

ಅರವತ್ತರ ದಶಕದ ನಡುವಿನಲ್ಲಿ ನಮ್ಮ ಯಜಮಾನರು ದೇವಳಾಲಿ ಕ್ಯಾಂಪಿನ ಮಿಲಿಟರಿ ಅಧಿಕಾರಿಯೊಬ್ಬರಿಂದ ಹಳೆಯ ಕರಿ ಕಾರೊಂದನ್ನು ಕೊಂಡು ತಂದರು. ಮಳೆ ಹಿಡಿಯುವ ಮೊದಲು ಅದಕ್ಕೊಂದು ಗ್ಯಾರೇಜು ಆಗಬೇಕಿತ್ತು. ಗೌಂಡಿ ಬಂದು ಆ ಪೂರ್ವದ ಜಾಗದಲ್ಲಿ ಸುಣ್ಣದ ಗೆರೆ ಎಳೆದ. ಸೊಂಟದಾಳದ ಪಾಯ, ಕರಿಕಲ್ಲು, ಮೇಲೆ ಇಟ್ಟಿಗೆ ಎಂದು ಮಾತಾಯಿತು. ಅವನು ಗೇಟು ದಾಟುವುದೇ ತಡ, ಅತ್ತೆ ಒಂದು ಕೊಡ ನೀರು ತಂದು ಗೆರೆಯನ್ನೆಲ್ಲ ತೊಳೆದುಬಿಟ್ಟರು.

"ಅಲ್ಲಿ ಹಾರಿ ಹಾಕಿ ನೆಲಾ ಅಗೆಯೋದು ಬ್ಯಾಡ," ಎಂದರು ಮಗನಿಗೆ.

ಯಾಕೆಂದು ಇವರು ಕೇಳಿದರು. ಬ್ಯಾಡಂದರೆ ಬ್ಯಾಡ ಎಂದು ಅತ್ತೆ ಒಳಗೆ ಹೋದರು. ವಯಸ್ಸಾದವರ ಹಟ, ಎರಡು ದಿನ ಬಿಟ್ಟರೆ ತಾನೇ ಇಳಿಯುತ್ತದೆ ಎಂದು ಇವರು ನಕ್ಕು, ಗೌಂಡಿಗೆ ಮುಂದಿನ ವಾರ ಕೆಲಸ ಹಿಡಿಯಲು ಹೇಳಿ ಕಳಿಸಿದರು.

ಮಾರನೆಯ ದಿನ ಇವರು ಆಫೀಸಿಗೆ ಹೋದ ಮೇಲೆ ಅಡಿಗೆಮನೆಯಲ್ಲಿ ಮೆಂತ್ಯ ಸೋಸುತ್ತಾ ಅತ್ತೆ ನನಗೆ ಎಲ್ಲವನ್ನೂ ಹೇಳಿದರು. ಗಂಡನ ನೌಕರಿಗೆಂದು ಬೀದರಿನ ಕಡೆಯಿಂದ ಇಲ್ಲಿಗೆ ಬಂದು, ಸುತ್ತ ಬರೀ ಉಳ್ಳಾಗಡ್ಡಿ ಹೊಲಗಳಿದ್ದಾಗ ಈ ಮನೆ ಕಟ್ಟಿದ್ದರಂತೆ. ಚೊಚ್ಚಲು ಹೆಣ್ಣು ಕೂಸು. ಒಂದು ರಾತ್ರಿ ಬದುಕಿತ್ತು. ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಮಾಡುತ್ತೇವೆ. ದೊಡ್ಡವರಿಗಾದರೆ ಊರ ಹೊರಗೆ. ಹಲ್ಲು ಮೂಡದ ಕೂಸಾದರೆ ಮನೆಯ ಮಗ್ಗುಲಲ್ಲೇ. ದೂರ ಒಯ್ದರೆ ದಾರಿ ಮರೆಯುತ್ತದೆ, ಹತ್ತಿರವಿದ್ದರೆ ಅದೇ ಹೊಟ್ಟೆಗೆ ಮರಳಿ ಬರುತ್ತದೆ ಎಂದು ನಂಬಿಕೆ. ಬಂದಾಗ ಗುರುತು ಸಿಗಲೆಂದು, ಪೂರ್ವದ ಗೋಡೆಯ ಮಗ್ಗುಲಲ್ಲಿ ಮಣ್ಣಿಗಿಡುವ ಮೊದಲು ಅತ್ತೆ ಕೂಸಿನ ಎಡಗಿವಿಯ ಹಿಂದೆ ಕಾಡಿಗೆಯ ಬೊಟ್ಟು ಇಟ್ಟಿದ್ದರು. ಮರುವರ್ಷ ಮಗ ಹುಟ್ಟಿದ.

ನನ್ನ ಕೈಯಲ್ಲಿದ್ದ ಸೊಪ್ಪು ಅಲ್ಲೇ ನಿಂತಿತು. ಇವರ ಎಡಗಿವಿಯ ಹಿಂದೆ ಉದ್ದಿನ ಕಾಳಿನಷ್ಟು ಕಪ್ಪು ಮಚ್ಚೆ ಇರುವುದು ನನಗೆ ಗೊತ್ತಿರದೆ ಇನ್ನಾರಿಗೆ ಗೊತ್ತಿರಬೇಕು?

"ಅಕಿನೇ ಇವ," ಎಂದರು ಅತ್ತೆ, ಎಲೆಗಳನ್ನು ಬಿಡಿಸುತ್ತಲೇ. "ಆದ್ರ ಪೂರಾ ಬಂದಾಳೋ, ಅರ್ಧ ಅಲ್ಲೇ ಉಳದಾಳೋ, ಯಾರಿಗೆ ಗೊತ್ತದ ಯವ್ವಾ? ಆ ಜಾಗಾ ಕೆದರಿದ್ರ ಇವನೂ ಹೊಳ್ಳಿ ಹೋಗ್ತಾನ. ಇವನಿಗೆ ಹೇಳಬ್ಯಾಡ. ತಾ ಯಾರಂತ ಗೊತ್ತಾದವರು ನಿಂದ್ರಂಗಿಲ್ಲ."

ನಮ್ಮ ಶಾಲೆಯ ಒಬ್ಬ ಸಿಸ್ಟರ್ ಹೇಳಿದ್ದು ಆಗ ನೆನಪಾಯಿತು: ಕ್ರೈಸ್ತ ದೀಕ್ಷೆಯ ಜ್ಞಾನಸ್ನಾನ ಆಗದೆ ಸತ್ತುಹೋದ ಕೂಸುಗಳಿಗೆಂದೇ ಒಂದು ಜಾಗವಿದೆ, ಅಲ್ಲಿ ಬೆಂಕಿಯೂ ಇಲ್ಲ, ಬೆಳಕೂ ಇಲ್ಲ. ಹುಡುಗಿಯಾಗಿದ್ದಾಗ ಆ ಮಾತು ಕೇಳಿ ಎಷ್ಟೋ ದಿನ ನನಗೆ ಊಟ ಸೇರಿರಲಿಲ್ಲ. ಅತ್ತೆಯ ಮಾತನ್ನು ನಂಬಿದೆನೋ ಇಲ್ಲವೋ ಈಗಲೂ ಹೇಳಲಾರೆ. ಆದರೆ ಗೌಂಡಿ ಬರುವುದರೊಳಗೆ ಏನಾದರೂ ಮಾಡಬೇಕು ಎಂದು ಮಾತ್ರ ಗಟ್ಟಿಯಾಗಿ ಅನ್ನಿಸಿತು.

ದೇವಳಾಲಿ ಕ್ಯಾಂಪಿನ ಪೇಟೆಗೆ ಉಲ್ಲನ್ ತರಲು ಹೋದಾಗಲೆಲ್ಲ ನಾನೊಂದು ಗುಜರಿ ಅಂಗಳದ ಮುಂದೆ ಹಾಯುತ್ತಿದ್ದೆ. ಮಿಲಿಟರಿಯವರು ಹರಾಜು ಹಾಕಿದ ಸಾಮಾನು ಅಲ್ಲಿ ಮಾರುತ್ತಿದ್ದರು. ತಯಾರು ಗ್ಯಾರೇಜುಗಳೂ ಇದ್ದವು: ಕಬ್ಬಿಣದ ಚೌಕಟ್ಟು, ತಗಡಿನ ಗೋಡೆ, ತಗಡಿನ ಮಾಡು, ಒಂದೊಂದು ಹಲಗೆಯ ಮೇಲೂ ಬಿಳಿ ಬಣ್ಣದ ಅಂಕಿ. ಅಂಕಿಗೆ ಅಂಕಿ ಕೂಡಿಸಿ ಬೋಲ್ಟು ಬಿಗಿದರೆ ಮುಗಿಯಿತು. ಪಾಯ ಬೇಕಿಲ್ಲ, ನೆಲದ ಮೇಲೆ ಸುಮ್ಮನೆ ಕೂರುತ್ತದೆ. ಆ ಸಂಜೆ ಚಹಾ ಕೊಡುತ್ತಾ ಇವರಿಗೆ ಅದರ ಮಾತು ತೆಗೆದೆ. ನಿಮ್ಮದು ವರ್ಗದ ನೌಕರಿ. ಇಟ್ಟಿಗೆಯದು ಕಟ್ಟಿಸಿದರೆ ಇಲ್ಲೇ ಬಿಟ್ಟು ಹೋಗಬೇಕು, ಇದನ್ನಾದರೆ ಬಿಚ್ಚಿಕೊಂಡು ಹೋಗಬಹುದು ಎಂದೆ. ಸುಳ್ಳೇನೂ ಅಲ್ಲವಲ್ಲ. ಇವರಿಗೆ ಆ ಬೋಲ್ಟು-ನಟ್ಟಿನ ಲೆಕ್ಕಾಚಾರವೇ ಹಿಡಿಸಿಬಿಟ್ಟಿತು. ಗೌಂಡಿಗೆ ಬೇಡವೆಂದು ಹೇಳಿ ಕಳಿಸಿ, ಮರುದಿನವೇ ದೇವಳಾಲಿಗೆ ಹೋದರು.

ಲಾರಿ ಬಂತು. ಕೂಲಿಯವರು ಹಲಗೆಗಳನ್ನು ಇಳಿಸಿ ನಿಲ್ಲಿಸುತ್ತಿದ್ದಾಗ ಎಲ್ಲವೂ ಸುಸೂತ್ರವಾಗಿತ್ತು. ಕೊನೆಗೆ ಒಬ್ಬ ನಾಲ್ಕು ಉದ್ದನೆಯ ಕಬ್ಬಿಣದ ಗೂಟ ತೆಗೆದ. ಗಾಳಿಗೆ ಹಾರದಿರಲು ಮೂಲೆಗಳಲ್ಲಿ ಹೊಡೆಯಬೇಕಂತೆ. ಇದು ನನಗೆ ಗೊತ್ತಿರಲಿಲ್ಲ. ಸುತ್ತಿಗೆ ಎತ್ತುವುದರೊಳಗೆ ಅತ್ತೆ ಬಂದು, ಒಳಗಡೆ ಎಡ ಮೂಲೆಯ ಹುಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ಕೂಲಿಯವರು ಮರಾಠಿಯಲ್ಲಿ "ಆಜಿ, ಉಠಾ", ಅಜ್ಜಿ ಏಳಿ ಎಂದು ಅಂಗಲಾಚಿದರು. ಗ್ಯಾರೇಜು ತಂದದ್ದು ಕಾರಿಗೋ ಅವ್ವನಿಗೋ ಎಂದು ಇವರು ತಮಾಷೆ ಮಾಡಿದರು. ನಾನು ಒಳಗಿನಿಂದ ಹಳೆಯ ಬೀಸುಕಲ್ಲು, ಒರಳುಕಲ್ಲು ಹೊರಿಸಿ ತಂದು, ಮೂಲೆಗಳಿಗೆ ಭಾರ ಇಡಲು ಹೇಳಿದೆ. ಹಾಗೇ ಇಟ್ಟರು. ಅತ್ತೆ ಎದ್ದು, ತಗಡಿನ ಮೇಲೆ ಒಂದು ಕಡೆ ಕಣ್ಣು ನೆಟ್ಟು ನಿಂತರು. ಬೂದು ಬಣ್ಣ ಹಸಿಯಿದ್ದಾಗ ಯಾರೋ ಕೈಯೂರಿದ ಗುರುತು ಅಲ್ಲಿತ್ತು.

"ಇದೂ ಎಲ್ಲೋ ಇದ್ದು ಬಂದದ್ದೇ," ಎಂದರು. ಆಮೇಲೆ ಅವರು ಅದರೊಳಗೆ ಕಾಲಿಡಲಿಲ್ಲ.

ಪಕ್ಕದ ಬೀದಿಯಲ್ಲಿ ಮಂಗಳೂರು ಕಡೆಯವರೊಬ್ಬರು ಹೋಟೆಲು ನಡೆಸುತ್ತಿದ್ದರು. ನಮ್ಮ ಮನೆಗೆ ಬಂದು ಹೋಗುವವರು. ಗ್ಯಾರೇಜಿನ ಸುತ್ತ ಒಂದು ಸುತ್ತು ಹಾಕಿ, "ಕಾರಿಗೆ ಟಿಫಿನ್ ಡಬ್ಬಿ ತಂದ್ರಾ ಮಾರಾಯ್ರೆ?" ಎಂದು ನಕ್ಕರು. ಆ ದಿನದಿಂದ ನಮ್ಮ ಮನೆಯಲ್ಲಿ ಅದಕ್ಕೆ ಡಬ್ಬಿ ಎಂದೇ ಹೆಸರಾಯಿತು.

ಸಂಜೆಯಾದರೆ ಡಬ್ಬಿ ಸದ್ದು ಮಾಡುತ್ತಿತ್ತು. ಒಳಗಿನಿಂದ ಯಾರೋ ಬೆರಳ ಗೆಣ್ಣಿನಿಂದ ಬಡಿದ ಹಾಗೆ, ಟಕ್, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್. ಬಿಸಿಲಿಗೆ ಕಾದ ತಗಡು ತಣ್ಣಗಾಗುವಾಗ ಹಾಗೆಯೇ ಎಂದು ಇವರು ತಿಳಿಸಿ ಹೇಳಿದರು. ನಾನೂ ಅದನ್ನು ಶಾಲೆಯಲ್ಲಿ ಓದಿದ್ದೆ. ಆದರೆ ಶ್ರಾವಣದಲ್ಲಿ ದಿನವಿಡೀ ಮೋಡ ಮುಚ್ಚಿ ಬಿಸಿಲೇ ಬೀಳದಿದ್ದಾಗಲೂ, ದೀಪ ಹಚ್ಚುವ ಹೊತ್ತಿಗೆ ಅದು ಬಡಿಯುತ್ತಿತ್ತು. ಅತ್ತೆ ದೀಪದ ಮುಂದೆ ಕೂತವರು ತಲೆ ಎತ್ತಿ, ಕೇಳಿ, ಮತ್ತೆ ತಲೆ ತಗ್ಗಿಸುತ್ತಿದ್ದರು.

ಒಳಗಿನ ನೆಲದ ಹುಲ್ಲೆಲ್ಲ ಬೆಳಕಿಲ್ಲದೆ ಸತ್ತುಹೋಯಿತು. ಎಡ ಮೂಲೆಯಲ್ಲಿ ಮಾತ್ರ, ಮೊರದಗಲ, ಹೊಸ ಹುಲ್ಲು ಎದ್ದಿತು. ಹಸಿರಲ್ಲ, ಬಿಳಿ. ನೂಲಿನಂತೆ ಸಣ್ಣಗೆ, ಉದ್ದಕ್ಕೆ. ಮುಟ್ಟಿದರೆ ಆಗತಾನೆ ಎರೆದ ಕೂಸಿನ ತಲೆಗೂದಲು ಮುಟ್ಟಿದಂತಿತ್ತು. ನಾನು ಮತ್ತೊಮ್ಮೆ ಮುಟ್ಟಲಿಲ್ಲ.

ಇನ್ನೊಂದು ಗಮನಿಸಿದೆ. ಇವರು ಕಾರನ್ನು ಒಳಗೆ ತರುವಾಗ ಪ್ರತಿ ಸಲ ಬಲಕ್ಕೆ ಒತ್ತಿ ನಿಲ್ಲಿಸುತ್ತಿದ್ದರು. ಎಡಕ್ಕೆ ಅಷ್ಟು ಜಾಗ ಖಾಲಿ. ಬಲಕ್ಕೆ ಬಾಗಿಲು ತೆರೆಯಲೂ ತ್ರಾಸು. ಮೈ ಹಿಂಡಿಕೊಂಡು ಇಳಿದು, ಅಂಗಿಗೆ ತುಕ್ಕು ಹಚ್ಚಿಕೊಂಡು ಬರುವರು. ತುಕ್ಕಿನ ಕಲೆ ಹೋಗುವುದಿಲ್ಲ, ನಿಂಬೆಹಣ್ಣು ಉಜ್ಜಿ ನನ್ನ ಕೈ ಉರಿಯುತ್ತಿತ್ತು. ಸ್ವಲ್ಪ ನಡುವೆ ನಿಲ್ಲಿಸಬಾರದೇನ್ರಿ ಎಂದು ಕೇಳಿದೆ. ಅದು ತಾನಾಗೇ ಹಂಗ ಹೊಳ್ಳತದ ಎಂದರು. ಮೂಲೆಯ ಹುಲ್ಲಿನ ಮೇಲೆ ಗಾಲಿ ಒಮ್ಮೆಯೂ ಹಾಯಲಿಲ್ಲ.

ಒಂದು ಬೇಸಿಗೆಯ ಮಧ್ಯಾಹ್ನ, ಕಾರಿನಡಿ ಎಣ್ಣೆ ತೊಟ್ಟಿಕ್ಕುತ್ತಿದೆ ಎಂದು ಇವರು ಡಬ್ಬಿಗೆ ಹೋದರು. ಊಟದ ಹೊತ್ತು ಮೀರಿದರೂ ಬರಲಿಲ್ಲ. ನಾನು ಹೋಗಿ ನೋಡಿದರೆ ಬರಿಗಾಲುಗಳು ಮಾತ್ರ ಕಾರಿನ ಹೊರಗೆ ಕಾಣುತ್ತಿದ್ದವು. ಕರೆದೆ. ಬಗ್ಗಿದೆ. ಇವರು ಮಗ್ಗುಲಾಗಿ, ಮೊಣಕಾಲು ಮುದುಡಿ, ಎರಡೂ ಮುಷ್ಟಿ ಗಲ್ಲದಡಿ ಹಿಡಿದು, ಕಾರಿನಡಿಯವರೆಗೂ ಹಬ್ಬಿದ್ದ ಆ ಬಿಳಿ ಹುಲ್ಲಿನ ಅಂಚಿನ ಮೇಲೆ ಕೆನ್ನೆಯಿಟ್ಟು ಮಲಗಿದ್ದರು. ತಗಡು ಮುಟ್ಟಿದರೆ ಕೈ ಸುಡುವ ಬಿಸಿಲು. ಇವರ ಪಾದ ಹಿಡಿದರೆ ಬಾವಿಯಿಂದ ಸೇದಿದ ಕೊಡದ ಹಾಗೆ ತಣ್ಣಗಿತ್ತು. ಅಲುಗಿಸಿದೆ, ಅಳು ಬಂತು, ಮತ್ತೆ ಅಲುಗಿಸಿದೆ.

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಹೊಸ್ತಿಲು ದಾಟಲಿಲ್ಲ. ಮಗನನ್ನು ಯಾವಾಗಲೂ ಅಪ್ಪಾ ಎಂದು ಕರೆಯುವವರು, ಆ ದಿನ ನಾನೆಂದೂ ಕೇಳಿರದ ಮೆತ್ತನೆಯ ದನಿಯಲ್ಲಿ, "ಏಳ್ ನನ್ನವ್ವ," ಎಂದರು. "ಇಲ್ಲಿ ಬ್ಯಾಡ. ಒಳಗ ಹಾಸೀನಿ, ಏಳು ನನ್ನ ಮಗಳ."

ಕಾರಿನಡಿಯಿಂದ "ಹ್ಞೂಂ" ಎಂದು ಬಂತು. ಅದು ಇವರ ದನಿಯೇ ಇರಬೇಕು, ಅಲ್ಲಿ ಬೇರೆ ಯಾರಿದ್ದರು? ಆದರೆ ಅಷ್ಟು ಸಣ್ಣಗೆ ಇವರು ಓಗೊಟ್ಟದ್ದನ್ನು ನಾನು ಆಮೇಲೆ ಎಂದೂ ಕೇಳಲಿಲ್ಲ. ತುಸು ಹೊತ್ತಿಗೆ ಇವರು ಹೊರಗೆ ಜರುಗಿ ಬಂದರು. ಕೆನ್ನೆಯ ಮೇಲೆ ಹುಲ್ಲಿನ ಗೆರೆಗಳು. ತಂಪಿತ್ತು, ಕಣ್ಣು ಹತ್ತಿತು, ಚಹಾ ಇದೆಯೇನು ಎಂದು ಕೇಳಿದರು. ಬೇರೇನೂ ನೆನಪಿರಲಿಲ್ಲ.

ಅಂದಿನಿಂದ ಅತ್ತೆಗೆ ಅಂಜಿಕೆ ಇನ್ನೊಂದು ಬಗೆಯದಾಯಿತು. ಅಗೆದರೆ ಹೋಗುತ್ತಾನೆ ಎಂದಿದ್ದವರು, ಬಿಟ್ಟರೂ ಆ ಜಾಗ ಅವನನ್ನು ಎಳೆದುಕೊಳ್ಳುತ್ತದೆ ಎಂದು ಮಗ ಡಬ್ಬಿಗೆ ಹೋದಾಗಲೆಲ್ಲ ಹೊರಗೆ ಕಾಯುತ್ತಿದ್ದರು. ಹೀಗಾಗಿ ಎಪ್ಪತ್ತರ ದಶಕದ ಮೊದಲಲ್ಲಿ ಇವರಿಗೆ ಔರಂಗಾಬಾದಿಗೆ ವರ್ಗವಾದಾಗ (ಈಗ ಅದು ಛತ್ರಪತಿ ಸಂಭಾಜಿನಗರ, ನಮ್ಮ ಬಾಯಿಗೆ ಹಳೆಯದೇ ರೂಢಿ) ಎಲ್ಲರಿಗಿಂತ ಮೊದಲು ಗಂಟು ಕಟ್ಟಿದವರು ಅತ್ತೆ. ಮನೆಯನ್ನು ಹೋಟೆಲಿನವರು ಕೊಳ್ಳುವುದೆಂದಾಯಿತು. ತಯಾರು ಗ್ಯಾರೇಜು ಆರಿಸಿದ್ದು ಎಷ್ಟು ಒಳ್ಳೆಯದಾಯಿತು ನೋಡು ಎಂದು ಇವರು ಪಾನಾ ಹಿಡಿದು ತಾವೇ ಬೋಲ್ಟು ಬಿಚ್ಚಿದರು. ಹಲಗೆಗಳು ಲಾರಿ ಏರಿದವು. ಬಯಲಾದ ನೆಲದಲ್ಲಿ ಆ ಬಿಳಿ ಹುಲ್ಲು ಬಿಸಿಲಿಗೆ ಕಣ್ಣು ಮುಚ್ಚಿದಂತೆ ಒರಗಿತ್ತು.

ಹೋಟೆಲಿನವರು ಅಗೆಸಿದರೆ ಏನು ಮಾಡುವುದು ಅತ್ತಿ ಎಂದು ಕೇಳಿದೆ.

"ಅದಕ್ಕೇ ಅಕಿನ್ನ ಬಿಡಿಸಿಕೊಂಡು ಹೋಗಬೇಕು," ಎಂದರು. ಕುಕ್ಕರುಗಾಲಿನಲ್ಲಿ ಕೂತು, ಬರಿಗೈಯಿಂದ, ಬೇರು ಹರಿಯದ ಹಾಗೆ ಹುಲ್ಲನ್ನು ಎಳೆ ಎಳೆಯಾಗಿ ಕಿತ್ತರು. ಬೇರಿಗೆ ಹತ್ತಿದ ಮಣ್ಣು ಉದುರದಂತೆ ಸೆರಗಿನಲ್ಲಿ ಕಟ್ಟಿಕೊಂಡರು. ಮನ್ಮಾಡಿನಲ್ಲಿ ಗಾಡಿ ಬದಲಿಸುವಾಗ ಪ್ಲಾಟ್‌ಫಾರ್ಮಿನಲ್ಲಿ ಬಹಳ ಹೊತ್ತು ಕಾದೆವು. ಗಂಟನ್ನು ಕೆಳಗಿಡಿ, ಕೈ ನೋಯುತ್ತದೆ ಎಂದೆ. ಇಡಲಿಲ್ಲ. ತೊಡೆಯ ಮೇಲಿಟ್ಟುಕೊಂಡು, ಅರಿವಿಲ್ಲದೆಯೋ ಅರಿತೋ, ತೊಡೆ ಅಲುಗಿಸುತ್ತಾ ಕೂತಿದ್ದರು.

ಔರಂಗಾಬಾದಿನ ಬಾಡಿಗೆ ಮನೆಯ ಪಕ್ಕದಲ್ಲಿ ಅಂಕಿಗೆ ಅಂಕಿ ಕೂಡಿಸಿ ಡಬ್ಬಿ ಮತ್ತೆ ನಿಂತಿತು. ಸೇವಂತಿಗೆಯ ಮಡಿಯಲ್ಲಿ ಮಣ್ಣು ಹಾಕೋಣವೇ ಎಂದು ಕೇಳಿದೆ. ಅಕಿಗೆ ಇದೇ ರೂಢಿ ಆಗ್ಯದ ಎಂದು ಅತ್ತೆ ಡಬ್ಬಿಯ ಬಾಗಿಲಿಗೆ ಬಂದು, ನಾಸಿಕದ ಆ ಮೊದಲ ದಿನದ ನಂತರ ಮೊದಲ ಬಾರಿ ಒಳಗೆ ಹೋಗಿ, ಎಡ ಮೂಲೆಯಲ್ಲಿ ಗಂಟು ಬಿಚ್ಚಿದರು. ಮೊದಲ ಮಳೆಗೆ ಅಲ್ಲಿ ಬಿಳಿ ಹುಲ್ಲು ಎದ್ದಿತು. ಬೇರು ಹಾಕಿದರೆ ಹುಲ್ಲು ಬರುವುದೇ. ನನಗೆ ನಾನೇ ಹಾಗೆ ಹೇಳಿಕೊಂಡೆ.

ಮರುವರ್ಷ ಹೋಟೆಲಿನವರು ಏನೋ ಕೆಲಸದ ಮೇಲೆ ಔರಂಗಾಬಾದಿಗೆ ಬಂದವರು ನಮ್ಮಲ್ಲಿಗೂ ಬಂದರು. ಉಪ್ಪಿಟ್ಟು ತಿನ್ನುತ್ತಾ, ನಿಮ್ಮ ಡಬ್ಬಿ ಇದ್ದಲ್ಲಿ ಕಲ್ಲಿನ ಉಗ್ರಾಣ ಕಟ್ಟಿಸಿದೆ, ನಾಗರಪಂಚಮಿ ಕಳೆದ ಮೇಲೆ ಪಾಯ ತೋಡಿಸಿದ್ದು ಎಂದರು. ಬತ್ತಿ ಹೊಸೆಯುತ್ತಿದ್ದ ಅತ್ತೆಯ ಕೈ ನಿಂತಿತು. ನಾನು ಮನಸ್ಸಿನಲ್ಲೇ ಪಂಚಮಿಯ ಆಚೆ ಈಚೆ ತಡಕಾಡಿದೆ. ಆ ದಿನಗಳಲ್ಲಿ ಇವರಿಗೆ ಒಂದು ನೆಗಡಿ ಕೂಡ ಬಂದಿರಲಿಲ್ಲ.

"ಏನರ ಸಿಕ್ತೇನ್ರಿ ಅಲ್ಲಿ?" ಎಂದು ಅತ್ತೆ ಕೇಳಿದರು.

"ಎಂತ ಸಿಗ್ಲಿಕ್ಕುಂಟು ಅಮ್ಮ? ಇಷ್ಟು ಆಳ ತೋಡಿದ್ದು," ಎಂದು ಅವರು ಎದೆಯ ಹತ್ತಿರ ಕೈ ಹಿಡಿದು ತೋರಿಸಿದರು. "ಬರೀ ಮಣ್ಣು."

"ಹಂಗಾದ್ರ ಪೂರಾ ಬಂದಾಳ," ಎಂದರು ಅತ್ತೆ, ನನಗಷ್ಟೇ ಕೇಳುವಂತೆ. ಬತ್ತಿ ಮತ್ತೆ ಅಂಗೈಯಲ್ಲಿ ಹೊರಳತೊಡಗಿತು.

ಅಷ್ಟರಲ್ಲಿ ಕಾರಿನ ಸದ್ದಾಯಿತು. ನಾವೆಲ್ಲ ಹೊರಗೆ ಬಂದೆವು. ಕಾರು ಡಬ್ಬಿಯೊಳಗೆ ಹೋಗುತ್ತಾ ಬಲಕ್ಕೆ ಹೊರಳಿ, ತಗಡಿಗೆ ಮೈ ತಾಗುವಷ್ಟು ಒತ್ತಿ ನಿಂತಿತು. ಇವರು ಹೊಟ್ಟೆ ಎಳೆದುಕೊಂಡು ಹೊರಗೆ ನುಸುಳಿ ಬಂದರು. ಅಂಗಿಯ ತುಂಬ ತುಕ್ಕು.

"ಎಡಗಡೆ ಅಷ್ಟು ಜಾಗ ಉಂಟಲ್ಲ ಮಾರಾಯ್ರೆ, ಅದನ್ನು ಯಾರಿಗೆ ಇಟ್ಟದ್ದು?" ಎಂದು ಹೋಟೆಲಿನವರು ನಕ್ಕರು.

ಇವರೂ ನಕ್ಕು, ತಿರುಗಿ ಆ ಮೂಲೆಯನ್ನು ನೋಡಿದರು. "ಅಲ್ಲಿ..." ಎಂದರು. ನಗು ತುಟಿಯ ಮೇಲೆ ಹಾಗೇ ಉಳಿದಿತ್ತು. ಎಡಗೈ ಮೆಲ್ಲನೆ ಎದ್ದು ಕಿವಿಯ ಹಿಂದೆ ಹೋಯಿತು, ಅಲ್ಲಿ ಯಾರೋ ಬೆರಳಿಟ್ಟು ಮುಟ್ಟಿದ್ದಾರೆಂಬಂತೆ.

"ಇರಲಿ ಬಿಡಪ್ಪಾ, ಒಳಗ ಬಾ," ಎಂದು ಅತ್ತೆ ಮಗನ ಕೈ ಹಿಡಿದುಕೊಂಡರು. ಒಳಗೆ ಬರುವವರೆಗೂ ಬಿಡಲಿಲ್ಲ. ಹಿಂದೆ ಡಬ್ಬಿಯಲ್ಲಿ ತಗಡು ಟಕ್, ಟಕ್ ಎಂದು ತಣ್ಣಗಾಗುತ್ತಿತ್ತು.